ಬೆಳಕಿಂಡಿಯ ಹೊತ್ತು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮವೆಂದ ಕೂಡಲೇ ದೊಡ್ಡದಾಗಿ ಏನನ್ನೂ ಕಲ್ಪಿಸಿಕೊಳ್ಳಬೇಡಿ. ಎರಡು ಕೋಣೆ, ಮುಂದೊಂದು ಕಟ್ಟೆ, ನೀರಿಗೆ ಇಳಿಯಲು ಸವೆದ ಮೆಟ್ಟಿಲು. ಅಷ್ಟೇ.

ಅಲ್ಲೊಬ್ಬ ಗುರು. ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಮಾತು ಬಹಳ ಕಡಿಮೆ. ಇಂಥವರ ಕಥೆ ಹೇಳುವುದೆಂದರೆ ನಮ್ಮಂಥವರಿಗೆ ಬಲು ಸಂತೋಷ, ಏಕೆಂದರೆ ಅವರು ಆಡದೆ ಬಿಟ್ಟ ಮಾತನ್ನೆಲ್ಲ ನಾವು ಆಡಬಹುದು.

ಶಿಷ್ಯನ ಹೆಸರು ನಿರುಪಾದಿ. ಮೀಸೆ ಮೂಡುವ ಮೊದಲಿನಿಂದಲೂ ದಿನಾ ಬೆಳಿಗ್ಗೆ ಬಂದು ಆಶ್ರಮಕ್ಕೆ ನೀರು ಹೊರುತ್ತಿದ್ದ. ಈಗ ಮದುವೆಯಾಗಿತ್ತು, ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು, ಚಿಕ್ಕ ಮಗಳಿದ್ದಳು. ನೀರು ಹೊರುವುದನ್ನು ಮಾತ್ರ ಬಿಟ್ಟಿರಲಿಲ್ಲ.

ದೀಪಾವಳಿ ಕಳೆದು ಚಳಿ ಕಾಲಿಡುತ್ತಿದ್ದಾಗ, ಒಂದು ಬೆಳಿಗ್ಗೆ, ಕೊಡ ಇಳಿಸಿದವನು ಮತ್ತೆ ಏಳಲಿಲ್ಲ. ಕೊಡದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

“ಏನಾತು?” ಎಂದರು ಗುರುಗಳು.

“ದಾಕ್ಷಾಯಣಿ ಉಳಿಯೂದಿಲ್ಲಂತ್ರಿ.”

ದಾಕ್ಷಾಯಣಿ ಅವನ ಹೆಂಡತಿ.

“ಯಾರಂದ್ರು?”

“ದವಾಖಾನ್ಯಾಗ ಅಂದ್ರು. ಇನ್ನ ಕರಕೊಂಡು ಬರಬ್ಯಾಡ್ರಿ, ಮನ್ಯಾಗ ಚಂದಂಗ ನೋಡ್ಕೋರಿ ಅಂದ್ರು. ಚಳಿಗಾಲ ದಾಟಿದ್ರ ಹೆಚ್ಚಂತ.”

“ಆಕಿಗೆ ಗೊತ್ತೈತೇನು?”

“ನನಗಿಂತ ಮೊದ್ಲ ಆಕಿಗೇ ಗೊತ್ತಿತ್ರಿ.”

ಗುರುಗಳು ಸುಮ್ಮನಿದ್ದರು. ಸುಮ್ಮನಿರುವುದರಲ್ಲಿ ಅವರದು ಎತ್ತಿದ ಕೈ; ಎದುರಿಗಿದ್ದವನು ತಾನಾಗಿ ಉಳಿದದ್ದನ್ನೂ ಹೇಳಿಬಿಡುತ್ತಿದ್ದ.

“ನಂದಿರಲಿ ಅಜ್ಜಾರ. ಕೂಸಿಂದ ಚಿಂತಿ. ಮುಕ್ತಾಗ ಇನ್ನೂ ಮೂರು ತುಂಬಿಲ್ಲ. ಈ ವಯಸ್ಸಿನ್ಯಾಗ ನೋಡಿದ್ದು ಯಾರಿಗೆ ನೆನಪಿರತೈತ್ರಿ? ನಮ್ಮಪ್ಪನ ಮಾರಿ ನನಗ ನೆನಪಿಲ್ಲ. ನಾಳೆ ಈ ಹುಡುಗಿ ನಮ್ಮವ್ವ ಹೆಂಗಿದ್ಲು ಅಂತ ಕೇಳಿದ್ರ ನಾ ಏನ ತೋರಸ್ಲಿ?”

“ಏನ ತೋರಸ್ಬೇಕಂತಿ?”

“ಫೋಟೋ ತೆಗೀತೀನ್ರಿ. ಮದಿವಿ ಫೋಟೋದಂಗ ಸಾಲಾಗಿ ನಿಲ್ಲಿಸಿ ತೆಗಿಯೂದಲ್ಲ. ಮನ್ಯಾಗ ದಿನಾ ಹೆಂಗಿರತಾಳೋ ಹಂಗ. ರೊಟ್ಟಿ ಬಡಿಯೂದು, ತಲಿ ಬಾಚಕೋಳೂದು, ಬಿಸಲಾಗ ಕುಂತು ಅವರಿಕಾಯಿ ಸುಲಿಯೂದು. ಈ ಚಳಿಗಾಲ ಪೂರ್ತಿ. ಒಂದೂ ಬಿಡೂದಿಲ್ಲ.”

“ಯಾರಿಗೆ ಇದು?”

“ಮುಕ್ತಾಗ್ರಿ.”

“ಮುಕ್ತಾ ಇದನ್ನ ಯಾವಾಗ ನೋಡ್ತಾಳ?”

“ದೊಡ್ಡಾಕಿ ಆದ ಮ್ಯಾಲ್ರಿ.”

“ಈಗ ಏನ ನೋಡ್ತಾಳ?”

ನಿರುಪಾದಿಗೆ ಇದು ಪ್ರಶ್ನೆಯೆಂದೇ ಅನ್ನಿಸಲಿಲ್ಲ. “ಈಗೇನ್ರಿ, ಇನ್ನೂ ಕೂಸು,” ಎಂದು ಎದ್ದು ಕಾಲಿಗೆ ನಮಸ್ಕರಿಸಿದ.

ಗುರುಗಳು ಬೇಡವೆನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಅವನು ಅದನ್ನೇ ಅಪ್ಪಣೆ ಎಂದುಕೊಂಡ.

ಅವನದು ಮಣ್ಣಿನ ಮಾಳಿಗೆಯ ಮನೆ. ಅಂಥ ಮನೆ ನೋಡಿರದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಗೋಡೆ ದಪ್ಪ, ಕಿಟಕಿ ಇಲ್ಲವೆನ್ನುವಷ್ಟು ಸಣ್ಣದು, ಒಳಗೆ ಹಗಲಲ್ಲೂ ಕತ್ತಲು. ಅಡಿಗೆಮನೆಯ ನೆತ್ತಿಯಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ಅದೇ ಬೆಳಕಿಂಡಿ. ಹೊಗೆ ಮೇಲೆ ಹೋಗುತ್ತದೆ, ಬೆಳಕು ಕೆಳಗೆ ಬರುತ್ತದೆ. ಚಳಿಗಾಲದಲ್ಲಿ ಬಿಸಿಲು ಅದರೊಳಗಿಂದ ಓರೆಯಾಗಿ ಇಳಿದು, ಹೊಗೆಯಲ್ಲಿ ಹಾದು, ಒಲೆಯ ಪಕ್ಕದ ಗೋಡೆಗೆ ಒರಗಿ ನಿಲ್ಲುತ್ತದೆ. ಕ್ಯಾಮೆರಾ ಹಿಡಿದವನಿಗೆ ಹುಚ್ಚು ಹಿಡಿಯಲು ಅಷ್ಟು ಸಾಕು.

ಆದರೆ ಆ ಬಿಸಿಲು ಬರುವುದು ಹೊತ್ತು ಚೆನ್ನಾಗಿ ಏರಿದ ಮೇಲೆ. ಇರುವುದು ಹೆಚ್ಚೆಂದರೆ ಒಂದು ತಾಸು. ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದದ್ದು ನಸುಕಿನಲ್ಲಿ.

“ರೊಟ್ಟಿ ಸ್ವಲ್ಪ ತಡಾ ಮಾಡಿ ಮಾಡು,” ಎಂದ ನಿರುಪಾದಿ.

“ಹಸಿವೂ ತಡಾ ಮಾಡಿ ಬರತೈತೇನು?” ಎಂದಳು ದಾಕ್ಷಾಯಣಿ.

ಹಾಗೆಂದರೂ ಅವನು ಹೇಳಿದಂತೆ ಕೇಳಿದಳು. ಮನೆಮಂದಿಯ ರೊಟ್ಟಿಯನ್ನು ಬೆಳಿಗ್ಗೆ ಅತ್ತೆ ಬಡಿದಿಡುತ್ತಿದ್ದಳು. ಬೆಳಕು ಇಳಿದ ಮೇಲೆ ದಾಕ್ಷಾಯಣಿ ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಒಲೆಯ ಮುಂದೆ ಕೂತು ಇನ್ನೊಮ್ಮೆ ಹಿಟ್ಟು ನಾದುತ್ತಿದ್ದಳು.

“ತಿನ್ನೂ ರೊಟ್ಟಿ ಬ್ಯಾರೆ, ತೋರಸೂ ರೊಟ್ಟಿ ಬ್ಯಾರೆ,” ಎಂದು ಗೊಣಗಿದಳು ಅತ್ತೆ ಬಸಲಿಂಗವ್ವ. “ನಿಮ್ಮಪ್ಪ ಇದ್ದಷ್ಟು ದಿನಾ ನನ್ನ ಹಿಂಗ ನೋಡಲಿಲ್ಲಪಾ. ನೋಡಿದ್ರ ರೊಟ್ಟಿ ಯಾಕ ಕರಕಾಗೈತಿ ಅಂತ ಬೈಯಾಕ ನೋಡಿರಬೇಕು.”

ದಾಕ್ಷಾಯಣಿ ನಕ್ಕಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವವರೆಗೆ ನಿರುಪಾದಿ ಕಾಯುತ್ತಿದ್ದ. ಬೆಳಕು ಕಾಯುತ್ತಿರಲಿಲ್ಲ.

“ಮದಿವ್ಯಾಗೂ ನೀವು ನನ್ನ ಇಷ್ಟು ನೋಡಿರಲಿಲ್ಲ ಬಿಡ್ರಿ,” ಎಂದಳು ಒಮ್ಮೆ. “ತಾಳಿ ಕಟ್ಟೂ ಹೊತ್ತಿನ್ಯಾಗೂ ಆ ಫೋಟೋದವಂಗ ಹಂಗ ನಿಲ್ಲು, ಹಿಂಗ ತೆಗಿ ಅಂತ ಹೇಳೂದ್ರಾಗ ಇದ್ರಿ.”

“ಮಾತಾಡಬ್ಯಾಡ. ಬಾಯಿ ಅಲಗತೈತಿ.”

“ಅಲಗಲಿ ಬಿಡ್ರಿ. ಅಲಗೂತನಕ ಅಲಗಲಿ.”

ನಿಜವಾದ ತೊಡಕು ಮುಕ್ತಾಳದು. ತಾಯಿ ಎಲ್ಲಿ ಕೂತರೂ ಅಲ್ಲಿ ಅವಳಿಗೊಂದು ಜಾಗ ಇರುತ್ತಿತ್ತು. ತೊಡೆ ಸಿಗದಿದ್ದರೆ ಬೆನ್ನು, ಬೆನ್ನು ಸಿಗದಿದ್ದರೆ ಸೆರಗು. ಬೆಳಕು ಬಂದು ದಾಕ್ಷಾಯಣಿಯ ಕೆನ್ನೆಯ ಮೇಲೆ ಕೂರುವ ಹೊತ್ತಿಗೆ ಸರಿಯಾಗಿ ಈ ಹುಡುಗಿ ಎದ್ದು ನಡುವೆ ನಿಲ್ಲುತ್ತಿದ್ದಳು. ಕಡಿಮೆ ಬೆಳಕಿನಲ್ಲಿ ಅಲುಗಾಡಿದ್ದೆಲ್ಲ ಫೋಟೋದಲ್ಲಿ ಹೊಗೆಯ ಹಾಗೆ ಬರುತ್ತದೆ. ತಾಯಿ ಚಂದ ಬಂದಿರುತ್ತಿದ್ದಳು. ಅವಳ ಮಡಿಲಲ್ಲಿ ಒಂದು ಮಸುಕು.

“ಅವ್ವಾ, ಇಕಿನ್ನ ಸ್ವಲ್ಪ ಹೊರಗ ಕರಕೊಂಡು ಹೋಗು.”

“ನಾ ಹೊಲಕ್ಕ ಹೋಗಲೋ, ಇಕಿನ್ನ ಹೊತಗೊಂಡು ಓಣಿ ತಿರಗಲೋ?” ಎಂದಳು ಬಸಲಿಂಗವ್ವ.

ಆಗ ನಿರುಪಾದಿಗೆ ಆಶ್ರಮ ನೆನಪಾಯಿತು.

“ಒಂದು ತಾಸು ಇರಲಿ ಅಜ್ಜಾರ,” ಎಂದು ಮಗಳನ್ನು ಕಟ್ಟೆಯ ಮೇಲೆ ಕೂರಿಸಿದ. “ಬೆಳಕು ಹೋದ ಕೂಡ್ಲೆ ಬಂದು ಕರಕೊಂಡು ಹೋಗತೀನಿ.”

ಗುರುಗಳು ಕೂಸನ್ನು ನೋಡಿದರು. ಅವನನ್ನು ನೋಡಿದರು.

“ಇಕಿ ಇಲ್ಲಿ ಏನ ಮಾಡಬೇಕು?”

“ಏನೂ ಮಾಡಬೇಕಾಗಿಲ್ರಿ. ಆಡಕೋತ ಇರತಾಳ.”

“ನಾ ಏನ ಮಾಡಬೇಕು?”

“ನೀವೂ ಏನೂ ಮಾಡಬೇಕಾಗಿಲ್ರಿ.”

“ಹಂಗಾರ ನನಗ ಬರತೈತಿ,” ಎಂದರು ಗುರುಗಳು.

ಮರುದಿನವೂ ಕರೆತಂದ. ಅದರ ಮರುದಿನವೂ. ಆಮೇಲೆ ಅದೇ ರೂಢಿಯಾಯಿತು.

ಮುಕ್ತಾ ಆಡಲಿಲ್ಲ. ಅಳಲೂ ಇಲ್ಲ. ಅಪ್ಪ ಹೋದ ದಾರಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು.

“ಅವ್ವ?” ಎಂದು ಗುರುಗಳನ್ನು ಕೇಳುತ್ತಿದ್ದಳು.

“ಮನ್ಯಾಗ ಅದಾಳ.”

“ನಾ?”

ದೊಡ್ಡ ದೊಡ್ಡ ಪಂಡಿತರು ಬಂದು ಕೇಳಿದ್ದಕ್ಕೆ ಥಟ್ಟನೆ ಉತ್ತರ ಕೊಟ್ಟು ಕಳಿಸಿದ ಗುರುಗಳು. ಈ ಪ್ರಶ್ನೆಗೆ ತಾವೂ ಅವಳ ಪಕ್ಕ ಕೂತು ಆ ದಾರಿಯನ್ನೇ ನೋಡಿದರು.

ಚಳಿ ಬಲಿಯಿತು. ಒಂದು ದಿನ ನಿರುಪಾದಿ ಕೆಲವು ಫೋಟೋಗಳ ಪ್ರಿಂಟ್ ಹಾಕಿಸಿಕೊಂಡು ತಂದು ಗುರುಗಳ ಮುಂದೆ ಹರಡಿದ. ತನ್ನ ಕೆಲಸ ತನಗೇ ಮೆಚ್ಚಿಗೆಯಾದವನ ಸಂಕೋಚ ಅವನ ಮುಖದಲ್ಲಿತ್ತು.

ಗುರುಗಳು ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದರು. ದಾಕ್ಷಾಯಣಿ ಹಿಟ್ಟು ನಾದುತ್ತಿದ್ದಾಳೆ. ದಾಕ್ಷಾಯಣಿ ಬೆಳ್ಳುಳ್ಳಿ ಬಿಡಿಸುತ್ತಿದ್ದಾಳೆ. ದಾಕ್ಷಾಯಣಿ ಹೊದೆಯುವ ಕೌದಿ ಮಡಚುತ್ತಿದ್ದಾಳೆ. ಅವಳ ಒಂದು ಪಕ್ಕ ಬೆಳಕು, ಒಂದು ಪಕ್ಕ ಕತ್ತಲು, ಸುತ್ತಲೂ ತೆಳ್ಳಗೆ ಹೊಗೆ. ಯಾರಾದರೂ ಮೆಚ್ಚಬೇಕಾದ ಫೋಟೋಗಳು, ಸುಳ್ಳು ಹೇಳುವುದಿಲ್ಲ.

“ಚಂದ ಅದಾಳ,” ಎಂದರು ಗುರುಗಳು.

“ಹೌದ್ರಿ.”

“ಬೆಳಕು ಎಲ್ಲಿಂದ ಬರತೈತಿ ಅಂದಿ?”

“ಮ್ಯಾಲಿಂದ್ರಿ. ಬೆಳಕಿಂಡಿಯಿಂದ.”

“ಮತ್ತ ಇಕಿ ಎತ್ತಾಗ ನೋಡಾಕ ಹತ್ಯಾಳ?”

ನಿರುಪಾದಿ ಬಗ್ಗಿ ನೋಡಿದ. “ಬಾಗಲದ ಕಡೆ.”

“ಇದರಾಗ?”

“ಅದರಾಗೂ ಬಾಗಲಾ ನೋಡಾಕ ಹತ್ಯಾಳ್ರಿ.”

“ಇದರಾಗ?”

“ಹಂಗ ನೋಡಿದ್ರ ಗಲ್ಲದ ಮ್ಯಾಲೆ ನೆಳ್ಳು ಚಂದ ಬೀಳತೈತ್ರಿ,” ಎಂದ ನಿರುಪಾದಿ.

ಗುರುಗಳು ಫೋಟೋಗಳನ್ನು ಒಟ್ಟು ಮಾಡಿ ಅವನ ಕೈಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಅವನು ಕೊಡ ಇಳಿಸಿದಾಗ ಅವರು ಎಂದಿನಂತೆ ಚೊಂಬು ಹಿಡಿದು ಬರಲಿಲ್ಲ. ಕೊಡದ ಬಾಯಿಗೆ ಒಂದು ತಟ್ಟೆ ಮುಚ್ಚಿದರು.

“ಕುಡೀರಿ ಅಜ್ಜಾರ. ಈಗ ತಂದದ್ದು.”

“ಬ್ಯಾಡ. ಇದನ್ನ ಬ್ಯಾಸಿಗಿಗೆ ಇಡತೀನಿ.”

“ಬ್ಯಾಸಿಗ್ಯಾಗ ನಾ ತರೂದಿಲ್ಲೇನ್ರಿ?”

“ಹೊಳಿ ಬತ್ತಿದ್ರ?”

ನಿರುಪಾದಿ ನಕ್ಕು ಹೋದ. ಹೊತ್ತೇರಿದ ಮೇಲೆ ಮಗಳನ್ನು ಬಿಡಲು ಬಂದಾಗಲೂ ಕೊಡ ಮುಚ್ಚಿಯೇ ಇತ್ತು. ಕರೆದೊಯ್ಯಲು ಬಂದಾಗಲೂ ಇತ್ತು. ಚಳಿಗಾಳಿಗೆ ಗುರುಗಳ ತುಟಿ ಒಡೆದಿತ್ತು.

“ನೀರಡಿಕಿ ಆಗಿಲ್ಲೇನ್ರಿ?”

“ಆಗೈತಿ.”

“ಮತ್ತ ಕುಡೀರಲ್ಲ.”

“ಬ್ಯಾಸಿಗ್ಯಾಗ ಇನ್ನೂ ಬಾಳ ಆಗತೈತಿ ಅಲ್ಲೇನು?”

ನಿರುಪಾದಿ ಮನೆಗೆ ಹೋಗಿ ಹೆಂಡತಿಗೆ ಹೇಳಿದ: “ಅಜ್ಜಾರಿಗೆ ವಯಸ್ಸಾತು. ಕೊಡದಾಗ ನೀರಿಟಕೊಂಡು ಒಣಗಾಕ ಹತ್ಯಾರ. ಯಾಕಂದ್ರ ಬ್ಯಾಸಿಗಿಗೆ ಬೇಕಂತ.”

ದಾಕ್ಷಾಯಣಿ ಕೇಳಿಸಿಕೊಂಡಳು. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ತಲೆಗೂದಲಲ್ಲಿ ಮೂಗಿಟ್ಟಳು.

ಇಷ್ಟು ಹೊತ್ತಿಗೆ ಎಳ್ಳಮವಾಸ್ಯೆ ಕಳೆದಿತ್ತು. ದಾಕ್ಷಾಯಣಿಯ ಬಳೆಗಳು ಮೊಣಕೈತನಕ ಜಾರುತ್ತಿದ್ದವು. ರೊಟ್ಟಿ ಬಡಿಯುವುದು ಅವಳಿಂದ ಆಗುತ್ತಿರಲಿಲ್ಲ. ಗುರುಗಳು ಕೊಡ ಮುಚ್ಚಿದ ಮರುದಿನ ಅವಳು ಗೋಡೆಗೆ ಒರಗಿ, ಮೊರದಲ್ಲಿ ಎಳ್ಳು ಹಸನು ಮಾಡುತ್ತ ಕೂತಿದ್ದಳು. ಹಸನು ಮಾಡಿದಂತೆ ಮಾಡುತ್ತಿದ್ದಳು ಎಂದರೇ ಸರಿ. ಬೆಳಕು ಇಳಿದು ಬಂದಿತ್ತು. ನಿರುಪಾದಿ ಉಸಿರು ಹಿಡಿದು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದ.

ಬಾಗಿಲಲ್ಲಿ ಯಾರೋ ಬಂದು ನಿಂತರು. ಗುರುಗಳು. ಕಂಕುಳಲ್ಲಿ ಮುಕ್ತಾ.

ಅವರು ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಒಳಗೆ ಬಂದರು. ಬಿಸಿಲಿನ ಕೋಲನ್ನು ದಾಟಿ ಹೋಗಿ, ಮೊರವನ್ನು ಪಕ್ಕಕ್ಕೆ ಸರಿಸಿ, ಕೂಸನ್ನು ತಾಯಿಯ ತೊಡೆಯ ಮೇಲೆ ಇಟ್ಟರು. ಆಮೇಲೆ ಒಲೆಯ ಮುಂದೆ ನೆಲದ ಮೇಲೆ ಕೂತರು.

“ನಿರುಪಾದಿ, ಕುಡಿಯಾಕ ನೀರು ಕೊಡು. ಬಾಳ ನೀರಡಿಸೇನಿ.”

ನಿರುಪಾದಿ ಕ್ಯಾಮೆರಾ ಕೊರಳಲ್ಲಿದ್ದಂತೆಯೇ ಚೊಂಬು ತುಂಬಿ ತಂದ. ಗುರುಗಳು ಎತ್ತಿ ಗಟಗಟನೆ ಕುಡಿದರು. ನೀರು ಗಡ್ಡದ ಮೇಲೆ ಹರಿಯಿತು. ಇನ್ನೊಂದು ಚೊಂಬು ಕೇಳಿದರು. ಅದನ್ನೂ ಕುಡಿದರು.

ಮುಕ್ತಾ ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿದ್ದಳು. ದಾಕ್ಷಾಯಣಿ ಕಣ್ಣು ಮುಚ್ಚಿದ್ದಳು. ಇಬ್ಬರೂ ಅಲುಗಲಿಲ್ಲ. ಇಷ್ಟು ದಿನ ಅವನು ಬೇಡಿ ಬೇಡಿ ಸೋತಿದ್ದ ನಿಶ್ಚಲತೆ ಅದು.

ನಿರುಪಾದಿ ಕ್ಯಾಮೆರಾ ಎತ್ತಲಿಲ್ಲ. ಖಾಲಿ ಚೊಂಬನ್ನು ಹಿಡಿದುಕೊಂಡೇ ನಿಂತಿದ್ದ.

“ನೀನರ ಯಾಕ ಹೇಳಲಿಲ್ಲ?” ಎಂದ ಹೆಂಡತಿಗೆ.

“ಏನ ಹೇಳಬೇಕಿತ್ರಿ?”

“ಕೂಸಿನ್ನ ಕಳಿಸಬ್ಯಾಡ್ರಿ ಅಂತ.”

ದಾಕ್ಷಾಯಣಿ ಕಣ್ಣು ತೆರೆಯಲಿಲ್ಲ. “ಉಳಿದ ಹೊತ್ತೆಲ್ಲಾ ನಾ ಇಕಿ ಕಡೀನ ಇರತಿದ್ನಿ. ನಿಮಗ ಅದೊಂದು ತಾಸು ಇತ್ತು, ನನ್ನ ನೋಡಾಕ. ಅದನ್ನೂ ಕಸಗೊಂಡ್ರ ನಿಮಗೇನು ಉಳೀತೈತಿ ಅಂತ ಸುಮ್ಮನಿದ್ನಿ.”

ಗುರುಗಳು ಮತ್ತೆ ನೀರು ಕೇಳಲು ಚೊಂಬಿನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ತಲೆ ತಗ್ಗಿಸಿದರು.

“ಇಷ್ಟು ನನಗೂ ಹೊಳೆದಿರಲಿಲ್ಲ ತಂಗಿ,” ಎಂದರು.

ಆಮೇಲೆ ಮುಕ್ತಾಳನ್ನು ಎಲ್ಲಿಗೂ ಕಳಿಸಲಿಲ್ಲ. ಕ್ಯಾಮೆರಾ ಚೀಲದೊಳಗೆ ಹೋಯಿತು, ಚೀಲ ಗೂಟಕ್ಕೆ ಹೋಯಿತು. “ಇಬ್ಬರದೂ ಕೂಡಿಸಿ ತೆಗೀರಲ್ಲ,” ಎಂದು ದಾಕ್ಷಾಯಣಿಯೇ ಕೇಳಿದಳು. “ಕೈ ಬರವಲ್ದು,” ಎಂದ ಅವನು. ಬೆಳಕು ಬೀಳುವ ಜಾಗದಲ್ಲಿ ಅವಳ ಹಾಸಿಗೆ ಹಾಕಿದ. ಆ ತಾಸಿನಲ್ಲಿ ಮೂವರೂ ಅಲ್ಲಿರುತ್ತಿದ್ದರು. ಒಬ್ಬಳು ಮಲಗಿ, ಒಬ್ಬಳು ಅವಳ ಮೇಲೆ ಒರಗಿ, ಒಬ್ಬ ಸುಮ್ಮನೆ ಕೂತು.

ಸಂಕ್ರಾಂತಿಗೆ ಬಸಲಿಂಗವ್ವ ಎಳ್ಳು ಹಚ್ಚಿ ಸಜ್ಜಿರೊಟ್ಟಿ ಮಾಡಿದಳು. “ಇದು ತಿನ್ನೂ ರೊಟ್ಟಿ ತಂಗಿ, ತಿನ್ನು,” ಎಂದಳು. ದಾಕ್ಷಾಯಣಿ ಒಂದು ಚೂರು ಮುರಿದು ಬಾಯಲ್ಲಿಟ್ಟುಕೊಂಡಳು. ಬಸಲಿಂಗವ್ವ ಒಲೆಯ ಕಡೆ ತಿರುಗಿ, ಹೊಗೆಗೆ ಕಣ್ಣು ಉರಿಯಿತೆಂದು ಸೆರಗಿನಿಂದ ಒರೆಸಿಕೊಂಡಳು. ಒಲೆಯಲ್ಲಿ ಆಗ ಬರೀ ಕೆಂಡವಿತ್ತು.

ದಿನ ಕಳೆದಂತೆ ಬೆಳಕಿಂಡಿಯ ಬಿಸಿಲು ಗೋಡೆಯಿಂದ ಕೆಳಗೆ ಜಾರುತ್ತ ನೆಲಕ್ಕೆ ಬಂತು. ಶಿವರಾತ್ರಿಗೆ ಇನ್ನೂ ಸಮಯವಿತ್ತು. ಒಂದು ಮಧ್ಯಾಹ್ನ, ಮಗಳು ಪಕ್ಕದಲ್ಲಿ ನಿದ್ದೆ ಹೋಗಿದ್ದಾಗ, ದಾಕ್ಷಾಯಣಿ ತೀರಿಕೊಂಡಳು.

ಎಷ್ಟು ಮಾತು ಬಲ್ಲವನಿಗೂ ಇಲ್ಲಿ ಮಾತಿಲ್ಲ. ಮುಂದಕ್ಕೆ ಹೋಗುತ್ತೇನೆ.

ಮಣ್ಣು ಮಾಡಿ ಬಂದ ಮೇಲೆ ನೆಂಟರು ಬಂದರು, ಅತ್ತರು, ಹೋದರು. ಮುಕ್ತಾ ಮಾತ್ರ ಅಳಲಿಲ್ಲ. ಅವ್ವ ಎಲ್ಲಿ ಎಂದು ಕೇಳಲೂ ಇಲ್ಲ.

ಉಣ್ಣಲೂ ಇಲ್ಲ.

ಬಟ್ಟಲಲ್ಲಿ ಹಾಲು ಕೊಟ್ಟರೆ ನಾಲ್ಕು ಗುಟುಕು ಕುಡಿಯುತ್ತಿದ್ದಳು. ತುತ್ತು ಹತ್ತಿರ ಬಂದರೆ ತುಟಿ ಬಿಗಿಯುತ್ತಿದ್ದಳು. ಬಸಲಿಂಗವ್ವ ಕಾಗೆ ತೋರಿಸಿದಳು, ಕರು ತೋರಿಸಿದಳು, ರಮಿಸಿದಳು, ಗದರಿದಳು, ಕೊನೆಗೆ ತಾನೇ ಅತ್ತಳು. “ಹಸದ್ರ ತಾನ ಉಣತಾಳ ಬಿಡಬೇ,” ಎಂದಳು ಪಕ್ಕದ ಮನೆಯವಳು. ಕೂಸು ಹಸಿಯಿತು. ಉಣ್ಣಲಿಲ್ಲ. ಕೆನ್ನೆ ಒಳಗೆ ಹೋದವು, ಕಣ್ಣು ದೊಡ್ಡವಾದವು.

ನಿರುಪಾದಿ ಗೂಟದಿಂದ ಚೀಲ ಇಳಿಸಿದ. ಚಳಿಗಾಲದಲ್ಲಿ ತೆಗೆದ ಅಷ್ಟೂ ಫೋಟೋಗಳನ್ನು ಹಾಕಿಸಿಕೊಂಡು ಬಂದು, ಮಗಳ ಮುಂದೆ ಸಾಲಾಗಿ ಇಟ್ಟ. ತಾಯಿಯ ಮುಖ ಕಂಡರೆ ಬಾಯಿ ತೆರೆದಾಳೆಂದು ಅವನ ಆಸೆ.

ಮರುದಿನ ಬೆಳಿಗ್ಗೆ ಅವನು ಆಶ್ರಮಕ್ಕೆ ಬಂದಾಗ ಹೆಗಲ ಮೇಲೆ ಕೊಡ ಇರಲಿಲ್ಲ. ಒಂದು ಕೈಯಲ್ಲಿ ಮಗಳು, ಅವಳ ಹೆಗಲ ಮೇಲೆ ತಾಯಿಯ ಹಳೆಯ ಸೀರೆಯ ತುಂಡು. ಇನ್ನೊಂದು ಕೈಯಲ್ಲಿ ಹಾಲಲ್ಲಿ ರೊಟ್ಟಿ ನೆನೆಸಿದ ಬಟ್ಟಲು.

“ಉಣವಲ್ಲಳ್ರಿ,” ಎಂದ.

ಗುರುಗಳು ಕೂಸಿನ ಕೈ ಮುಟ್ಟಿ ನೋಡಿದರು.

“ಫೋಟೋ ತೋರಿಸಿದೇನು?”

“ತೋರಿಸಿದ್ನಿ. ಗುರ್ತು ಹಿಡೀತಾಳ್ರಿ. ಅವ್ವ ಅಂತಾಳ. ಅಂದು, ಫೋಟೋ ತಿರುವಿ ಹಾಕಿ ಹಿಂದ ನೋಡತಾಳ. ಇನ್ನೊಂದು ತಗೋತಾಳ. ಅದನ್ನೂ ತಿರುವಿ ನೋಡತಾಳ. ಆಮ್ಯಾಲೆ ನನ್ನ ಕಡೆ ನೋಡಿದಾಗ ತಡಕೋಳಾಕ ಆಗಲಿಲ್ಲ. ಎಲ್ಲಾ ಎತ್ತಿಟ್ಟುಬಿಟ್ನಿ.”

“ಅವರವ್ವ ಹೆಂಗ ಉಣಸತಿದ್ಲು?”

“ಅದ ಗೊತ್ತಿಲ್ರಿ.”

“ನಿಮ್ಮವ್ವಗ?”

“ಅವ್ವಗೂ ಗೊತ್ತಿಲ್ಲ. ಉಣ್ಣೂ ಕೂಸಿನ್ನ ಯಾರೂ ನೋಡಬಾರ್ದು, ದೃಷ್ಟಿ ಆಗತೈತಿ ಅಂತ ಅವ್ವನ ಹೇಳಿಕೊಟ್ಟಿದ್ಲು. ದಾಕ್ಷಾಯಣಿ ಗ್ವಾಡಿ ಕಡೆ ಮಾರಿ ಮಾಡಿ, ಸೆರಗು ಅಡ್ಡ ಹಿಡದು ಉಣಸತಿದ್ಲು. ಮಲಗಿದಾಗೂ ಗ್ವಾಡಿ ಕಡೆ ಹೊಳ್ಳತಿದ್ಲು. ಒಮ್ಮೆ ಕ್ಯಾಮೆರಾ ಹಿಡಕೊಂಡು ಆ ಕಡೆ ಹೋದ್ನಿ. ಎಲ್ಲಾ ತೆಗೀರಿ, ಇದೊಂದು ಬ್ಯಾಡ್ರಿ ಅಂದ್ಲು. ಬಿಟ್ಟೆ. ಬೆನ್ನಷ್ಟ ಕಾಣತಿತ್ತು. ಸೆರಗಿನ್ಯಾಗ ಇಬ್ಬರೂ ಏನೋ ಪಿಸುಪಿಸು ಮಾತಾಡಿ ನಗತಿದ್ರು. ಏನಂತ ನನಗೇನು ಗೊತ್ತು?”

ಗುರುಗಳು ಬಟ್ಟಲಿನೊಳಗೆ ನೋಡಿದರು.

“ಆಕಿ ರೊಟ್ಟಿ ಬಡಿಯೂದೈತ್ರಿ. ಬೆಳ್ಳುಳ್ಳಿ ಬಿಡಸೂದೈತಿ. ಕೌದಿ ಮಡಚೂದೈತಿ. ಒಂದರಾಗೂ ಈ ಕೂಸಿನ ಮಾರಿ ಇಲ್ಲ. ಚಳಿಗಾಲ ಪೂರ್ತಿ ಆಕಿನ್ನ ಕೂಡಿ ಹಾಕೇನಿ ಅಜ್ಜಾರ. ಇಕಿಗೆ ಒಂದು ತುತ್ತು ಉಣಸೂವಷ್ಟು ಇಲ್ಲ ಅದರಾಗ.”

ಅವನು ಕಟ್ಟೆಯ ಮೇಲೆ ಕುಸಿದು ಕೂತ.

“ಮುಂದ ಇಕಿ ಕೇಳಿದ್ರ ನಾ ಹೇಳತೀನಿ ಅಂತಿದ್ನಿ. ಈಗ ನಾನ ಕೇಳಾಕ ಹತ್ತೇನಿ. ಆಕಿ ಹೆಂಗಿದ್ಲು ಅಂತ ಬಲ್ಲವರು ಯಾರರ ಅದಾರೇನ್ರಿ?”

ಗುರುಗಳು ಅವನ ಕೈಯಿಂದ ಬಟ್ಟಲು ತೆಗೆದುಕೊಂಡರು. ಮುಕ್ತಾಳನ್ನು ಕಟ್ಟೆಯ ಮೇಲೆ ಕೂರಿಸಿ, ಬಟ್ಟಲನ್ನು ಅವಳ ಮುಂದೆ ಇಟ್ಟರು.

“ಏಳು,” ಎಂದರು ನಿರುಪಾದಿಗೆ. “ತೆಳಗ ಕೂಡು. ಇಕಿ ಮುಂದ.”

ನಿರುಪಾದಿ ನೆಲದ ಮೇಲೆ ಕೂತ. ಅವನ ಮುಖ ಮಗಳ ಮುಖದ ಮಟ್ಟಕ್ಕೆ ಬಂತು.

“ಮುಕ್ತಾ,” ಎಂದರು ಗುರುಗಳು. “ಅಪ್ಪ ಉಂಡಿಲ್ಲ ನೋಡವಾ.”

ಅದು ನಿಜವಾಗಿತ್ತು.

ಇಷ್ಟು ಹೇಳಿ ಗುರುಗಳು ಅವರಿಬ್ಬರಿಗೆ ಬೆನ್ನು ಮಾಡಿ, ಹೊಳೆಯ ಕಡೆ ಮುಖ ಮಾಡಿ ಕೂತರು.

ಮುಕ್ತಾ ಬಟ್ಟಲನ್ನು ನೋಡಿದಳು. ಅಪ್ಪನನ್ನು ನೋಡಿದಳು. ಕೆಳಗೆ ಯಾರೋ ಬಟ್ಟೆ ಒಗೆಯುವ ಸಪ್ಪಳ ಬಂತು, ನಿಂತಿತು.

ಆಮೇಲೆ ಅವಳು ಕಟ್ಟೆಯಿಂದ ಇಳಿದಳು. ಅಪ್ಪನ ಗದ್ದ ಹಿಡಿದು ಅವನ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಹೆಗಲ ಮೇಲಿನ ಸೀರೆಯ ತುಂಡನ್ನು ಎಳೆದು, ತನ್ನ ತಲೆಯ ಮೇಲೂ ಅವನ ತಲೆಯ ಮೇಲೂ ಹೊದಿಸಿದಳು. ಅದು ಚಿಕ್ಕದು. ಎರಡು ಸಲ ಜಾರಿತು, ಎರಡು ಸಲವೂ ಸರಿ ಮಾಡಿದಳು.

ಒಳಗೆ ಮಬ್ಬುಗತ್ತಲು.

ಬಟ್ಟಲಿನಿಂದ ಒಂದು ಚೂರು ತೆಗೆದಳು. ಹೆಬ್ಬೆರಳಿನಿಂದ ಮೆತ್ತಗೆ ಹಿಸುಕಿದಳು. ಹಾಲು ಆರಿ ಎಷ್ಟೋ ಹೊತ್ತಾಗಿದ್ದರೂ ಉಫ್ ಎಂದು ಊದಿದಳು. ತನ್ನ ಕೆಳತುಟಿಗೆ ಹಚ್ಚಿ ಸುಡುತ್ತದೆಯೋ ಏನೋ ಎಂದು ನೋಡಿದಳು. ಎಡಗೈಯನ್ನು ಬೊಗಸೆ ಮಾಡಿ ಅಪ್ಪನ ಗದ್ದದ ಕೆಳಗೆ ಹಿಡಿದಳು.

“ಗುಬ್ಬಿ ಬಂತು,” ಎಂದಳು ಪಿಸುದನಿಯಲ್ಲಿ. “ಮನಿ ಎಲ್ಲೈತಿ ಅಂತ ಕೇಳಾಕ ಹತ್ತೈತಿ.”

ದನಿ ಅವಳದು. ಮಾತಿನ ಎಳೆತ, ಕೊನೆಯಲ್ಲಿ ತುಸು ನಗುವ ಹಾಗೆ ಏರುವುದು, ಅದು ಅವಳದಲ್ಲ. ನಿರುಪಾದಿ ಅದನ್ನು ಬಲ್ಲ. ಬೆನ್ನ ಆಚೆಯಿಂದ ಎಷ್ಟೋ ಸಲ ಕೇಳಿದ್ದ.

ಅವನ ಕೈ ತಾನಾಗಿ ಹೆಗಲಿಗೆ ಹೋಗಿ ಕ್ಯಾಮೆರಾದ ಪಟ್ಟಿಗಾಗಿ ತಡಕಾಡಿತು. ಅಲ್ಲಿ ಏನೂ ಇರಲಿಲ್ಲ. ಕೈ ಅಲ್ಲಿಯೇ ನಿಂತಿತು.

ತುತ್ತೂ ಅವನ ತುಟಿಯ ಮುಂದೆ ನಿಂತಿತ್ತು. ಹಾಲಿನ ಒಂದು ಹನಿ ಆ ಪುಟ್ಟ ಬೊಗಸೆಗೆ ಬಿತ್ತು.

ಗುರುಗಳು ಹೊಳೆಯನ್ನೇ ನೋಡುತ್ತಿದ್ದರು. ತಿರುಗಲಿಲ್ಲ.

“ಬಾಯಿ ತೆಗಿಯಪಾ,” ಎಂದರು.